ಹಾಜರಿ ಪುಸ್ತಕ ಯಾರಿಗೆ ತೆರೆದಿದೆ?

ಗಂಡನ ಮನೆಯ ಹಿಂಸೆ ತಾಳದೆ ಹೊರಬಂದ ಹೆಣ್ಣುಮಗಳು ಎಲ್ಲಿದ್ದಾಳೆಂದು ಕಂಡುಹಿಡಿಯುವುದು ನಮ್ಮ ಭಾಗದಲ್ಲಿ ಕಷ್ಟದ ಕೆಲಸವೇನಲ್ಲ. ಅವಳ ಮಗು ಯಾವ ಶಾಲೆಗೆ ಸೇರಿದೆ ಎಂದು ವಿಚಾರಿಸಿದರೆ ಸಾಕು. ಕೇಳಿದವನಿಗೆ ಶಾಲೆ ಹೇಳುತ್ತದೆ. ಯಾರಿಗೆ ಹೇಳಿತು, ಏಕೆ ಹೇಳಿತು, ಹೇಳಿದ್ದರಿಂದ ಏನಾಯಿತು ಎಂದು ಆಮೇಲೆ ಯಾರೂ ಕೇಳುವುದಿಲ್ಲ. ವರದಕ್ಷಿಣೆ ಮತ್ತು ಕೌಟುಂಬಿಕ ದೌರ್ಜನ್ಯದ ವಿರುದ್ಧ ಹೋರಾಡುವ ನಾವು ಪೊಲೀಸ್ ಠಾಣೆ, ನ್ಯಾಯಾಲಯ, ಆಸ್ಪತ್ರೆಗಳ ಬಗ್ಗೆ ಸಾಕಷ್ಟು ಬರೆದಿದ್ದೇವೆ. ಶಾಲೆಯ ಕಚೇರಿಯ ಬಗ್ಗೆ ಬರೆದದ್ದು ಕಡಿಮೆ. ಗೋಕಾಕದ ಕಾಲೇಜೊಂದರಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತಳಾದ ನಾನು ಈ ಮಾತನ್ನು ಆಡಲು ಬಹಳ ತಡಮಾಡಿದ್ದೇನೆ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಸಂಗತಿಯಿಂದಲೇ ಆರಂಭಿಸುತ್ತೇನೆ. ಆಕೆಯ ಒಪ್ಪಿಗೆ ಪಡೆದು, ಊರು ಹೆಸರು ಬಿಟ್ಟು ಬರೆಯುತ್ತಿದ್ದೇನೆ. ಆಕೆಯನ್ನು ಹುಕ್ಕೇರಿ ತಾಲ್ಲೂಕಿನ ಹಳ್ಳಿಯೊಂದಕ್ಕೆ ಕೊಟ್ಟಿದ್ದರು. ನೀರಾವರಿ ಜಮೀನು, ಕಬ್ಬು, ಎದುರಿಗೆ ಟ್ರ್ಯಾಕ್ಟರು ನಿಂತ ಮನೆ. ಮದುವೆಯಲ್ಲಿ ಹುಂಡಾ ಕೊಟ್ಟಾಗಿತ್ತು, ಬಂಗಾರವನ್ನೂ ಹಾಕಿಯಾಗಿತ್ತು. ಆಮೇಲೆ ಆ ಟ್ರ್ಯಾಕ್ಟರಿನ ಸಾಲದ ಕಂತನ್ನೂ ತವರಿನವರೇ ಕಟ್ಟಬೇಕೆಂದು ಹೊಡೆತ ಶುರುವಾಯಿತು. ಆರು ವರ್ಷ ತಾಳಿದಳು. ಒಂದು ದಿನ ಕೈ ಮುರಿದ ಮೇಲೆ ಮಗಳನ್ನು ಕರೆದುಕೊಂಡು ಹೊರಟಳು. ತವರಿಗೆ ಹೋದರೆ ಮೊದಲು ಅಲ್ಲಿಗೇ ಬರುತ್ತಾನೆಂದು ತಿಳಿದು, ಮೂಡಲಗಿ ಕಡೆಯ ಹಳ್ಳಿಯಲ್ಲಿದ್ದ ಸೋದರತ್ತೆಯ ಮನೆ ಸೇರಿದಳು. ಜೂನ್ ತಿಂಗಳು, ಶಾಲೆ ಶುರುವಾಗಿತ್ತು. ಮಗಳನ್ನು ಅಲ್ಲಿಯೇ ಮೂರನೆಯ ತರಗತಿಗೆ ಸೇರಿಸಲು ಹೋದಳು.

ಹೊಸ ಶಾಲೆಯವರು ಮಗುವನ್ನು ಕೂರಿಸಿಕೊಂಡರು, ಹಳೆಯ ಶಾಲೆಗೆ ಫೋನು ಮಾಡಿ ಎಲ್.ಸಿ. ಕೇಳಿದರು. ಹಳೆಯ ಶಾಲೆಯ ಸಿಬ್ಬಂದಿಯೊಬ್ಬರು ಸಂಜೆ ಚಹದ ಅಂಗಡಿಯಲ್ಲಿ ಅವಳ ಗಂಡನನ್ನು ಕಂಡು, "ನಿಮ್ಮ ಹುಡುಗೀದು ಎಲ್.ಸಿ. ಮೂಡಲಗಿ ಕಡೆ ಸಾಲಿಯವರು ಕೇಳ್ಯಾರಲ್ರಿ, ಮನ್ಯಾಗ ಏನರ ತಕರಾರ ಐತೇನ್ರಿ?" ಎಂದರಂತೆ. ಕೆಡುಕು ಬಯಸಿ ಹೇಳಿದ ಮಾತಲ್ಲ ಅದು. ಒಂದೇ ಊರಿನವರು, ದಿನಾ ಕಾಣುವವರು. ಮೂರನೆಯ ದಿನ ಶಾಲೆ ಬಿಡುವ ಹೊತ್ತಿಗೆ ಗಂಡ ಇಬ್ಬರನ್ನು ಕರೆದುಕೊಂಡು ಗೇಟಿನಲ್ಲಿ ನಿಂತಿದ್ದ. ಶಿಕ್ಷಕಿ ಮಗುವನ್ನು "ಇವರು ಯಾರವ್ವಾ?" ಎಂದು ಕೇಳಿದರು. ಮಗು "ಅಪ್ಪ" ಎಂದಿತು. ಕಳಿಸಿಕೊಟ್ಟರು.

"ಮಗಳು ಅಲ್ಲಿ, ನಾ ಇಲ್ಲಿ ಹೆಂಗ ಇರ್ಲಿರೀ ಬಾಯಾರ?" ಎಂದು ಆಕೆ ನನ್ನ ಮನೆಗೆ ಬಂದು ಅತ್ತಳು. ನಾನು ವಕೀಲರು, ಅರ್ಜಿ ಎಂದೆಲ್ಲ ಹೇಳುತ್ತಿದ್ದೆ. ಅವಳು ಅಷ್ಟು ದಿನ ಕಾಯಲಿಲ್ಲ. ಮರುದಿನವೇ ವಾಪಸು ಹೋದಳು. ಅವಳನ್ನು ಎಳೆದುಕೊಂಡು ಹೋಗಲು ಅವನು ಬರಬೇಕಾಗಿಯೇ ಇರಲಿಲ್ಲ, ಮಗುವನ್ನು ಒಯ್ದರೆ ಸಾಕಾಗಿತ್ತು. ಮುಂದಿನ ಹತ್ತು ತಿಂಗಳು ಆ ಮನೆಯಲ್ಲಿ ಆಕೆ ಅನುಭವಿಸಿದ್ದನ್ನು ಇಲ್ಲಿ ಬರೆಯುವುದಿಲ್ಲ.

ನಾನು ಆ ಹಳೆಯ ಶಾಲೆಗೆ ಹೋಗಿ ಮುಖ್ಯೋಪಾಧ್ಯಾಯರನ್ನು ಕೇಳಿದೆ. ಅವರು ಸಜ್ಜನರು. ನಿಜವಾಗಿಯೂ ಆಶ್ಚರ್ಯಪಟ್ಟು, "ತಂದಿಗೆ ಹೇಳದ ಮತ್ತ ಯಾರಿಗೆ ಹೇಳೂದ್ರಿ ಬಾಯಾರ? ರಜಿಸ್ಟರದಾಗ ಅವರ ಹೆಸರ ಐತಲ್ರಿ" ಎಂದರು. ಆ ಮಾತು ನನ್ನ ತಲೆಯಲ್ಲಿ ಇನ್ನೂ ಕುಳಿತಿದೆ. ರಜಿಸ್ಟರಿನಲ್ಲಿ ತಂದೆಯ ಹೆಸರಿದೆ, ತಂದೆಯ ಫೋನು ಇದೆ, ತಂದೆಯ ಜಾತಿ, ಉದ್ಯೋಗ, ವಿಳಾಸ ಇದೆ. ತಾಯಿ ಒಂದು ಕಾಲಂ ಮಾತ್ರ. ಮಗುವಿನ ವಿವರವೆಲ್ಲ ತಂದೆಯ ಆಸ್ತಿ ಎಂದು ಯಾವ ಕಾನೂನೂ ಹೇಳಿಲ್ಲ. ಆದರೆ ಪುಸ್ತಕದ ಗೆರೆಗಳನ್ನು ಎಳೆದದ್ದೇ ಹಾಗೆ.

ಆ ಗುರುಗಳನ್ನು ದೂರುವ ಮುಂಚೆ ನನ್ನದನ್ನೂ ಹೇಳಬೇಕು. ತೊಂಬತ್ತರ ದಶಕದಲ್ಲಿ ನಮ್ಮ ಕಾಲೇಜಿನ ಪ್ರವೇಶ ಸಮಿತಿಯಲ್ಲಿ ನಾನಿದ್ದೆ. ಪರಿಚಯದ ಹಿರಿಯರೊಬ್ಬರು ಕಚೇರಿಗೆ ಬಂದು, ತಮ್ಮ ಸಂಬಂಧಿಕರ ಹುಡುಗನಿಗೆ ಕನ್ಯೆ ನೋಡುತ್ತಿದ್ದೇವೆ, ನಮ್ಮವರ ಪೈಕಿ ಒಳ್ಳೆಯ ಮನೆತನದ ಹುಡುಗಿ ಇದ್ದರೆ ಹೇಳಿ ಎಂದರು. ನಾನು ಪ್ರವೇಶ ಅರ್ಜಿಗಳ ಕಟ್ಟನ್ನು ಬಿಚ್ಚಿದೆ. ಜಾತಿ, ತಂದೆಯ ಉದ್ಯೋಗ, ವಾರ್ಷಿಕ ಆದಾಯ, ಎಷ್ಟು ಜನ ಅಣ್ಣತಮ್ಮಂದಿರು, ಫೋಟೋ ಎಲ್ಲವೂ ಅದರಲ್ಲಿತ್ತು. ಮೂರು ವಿಳಾಸ ಬರೆದುಕೊಟ್ಟೆ. ಉಪಕಾರ ಮಾಡಿದೆನೆಂದೇ ನಂಬಿದ್ದೆ. ಅದರಲ್ಲೊಬ್ಬ ಹುಡುಗಿಯ ಮದುವೆ ಆ ವರ್ಷವೇ ಆಯಿತು, ಬಿ.ಎ. ಎರಡನೆಯ ವರ್ಷಕ್ಕೇ ನಿಂತಿತು. ಎಷ್ಟೋ ವರ್ಷಗಳ ನಂತರ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಆಕೆ ಕೇಳಿದ್ದು ಒಂದೇ ಮಾತು: "ಅವರಿಗೆ ನಮ್ಮ ಮನಿ ಹೆಂಗ ಗೊತ್ತಾತು ಅಂತ ಇವತ್ತಿನ ತನಕ ನನಗ ತಿಳೀಲಿಲ್ರಿ ಬಾಯಾರ." ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ. ತಂದೆಯ ಆದಾಯದ ಕಾಲಂ ನೋಡಿ ಎಷ್ಟು ಹುಂಡಾ ಕೇಳಬಹುದೆಂದು ಲೆಕ್ಕ ಹಾಕಲು ನಾನೇ ಪುಸ್ತಕ ತೆರೆದು ತೋರಿಸಿದ್ದೆ.

ಇದು ನಾಣ್ಯದ ಒಂದು ಮುಖ. ಇನ್ನೊಂದು ಮುಖ ಇದಕ್ಕಿಂತ ಕ್ರೂರವಾಗಿದೆ.

ಒಂಬತ್ತನೆಯ ತರಗತಿಯ ಹುಡುಗಿ ಹದಿನೈದು ದಿನ ಶಾಲೆಗೆ ಬರುವುದಿಲ್ಲ. ಹಾಜರಿ ಪುಸ್ತಕದಲ್ಲಿ ಸಾಲಾಗಿ ಗೈರು ಬೀಳುತ್ತದೆ. ಅವಳಿಗೆ ಮದುವೆ ಗೊತ್ತಾಗಿದೆ ಎಂದು ಪಕ್ಕದ ಬೆಂಚಿನ ಹುಡುಗಿಯರಿಗೆಲ್ಲ ಗೊತ್ತು, ಶಿಕ್ಷಕರಿಗೂ ಗೊತ್ತು. ಆಗ ಶಾಲೆ ಏನು ಮಾಡುತ್ತದೆ? ಬಾಯಿ ಮುಚ್ಚಿಕೊಳ್ಳುತ್ತದೆ. "ಅದು ಅವರ ಮನಿ ವಿಷಯ, ನಮಗ್ಯಾಕ?" ಎನ್ನುತ್ತದೆ. ಹುಡುಗಿಯ ವಯಸ್ಸಿಗೆ ಗಟ್ಟಿ ಸಾಕ್ಷಿ ಇರುವುದು ಆ ಶಾಲೆಯ ಕಪಾಟಿನಲ್ಲಿ. 2015ರ ಬಾಲನ್ಯಾಯ ಕಾಯ್ದೆಯ 94ನೆಯ ಕಲಂ ವಯಸ್ಸು ನಿರ್ಧರಿಸಲು ಮೊದಲು ನೋಡಬೇಕೆನ್ನುವುದು ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಮೆಟ್ರಿಕ್ ಪ್ರಮಾಣಪತ್ರವನ್ನು. ಅದಿಲ್ಲದಿದ್ದರೆ ಮಾತ್ರ ಪುರಸಭೆ, ಪಂಚಾಯಿತಿಯ ಜನನ ಪತ್ರ. ಅದೂ ಇಲ್ಲದಿದ್ದರೆ ಮಾತ್ರ ವೈದ್ಯಕೀಯ ಪರೀಕ್ಷೆ. ಅಂದರೆ ಬಾಲ್ಯವಿವಾಹವನ್ನು ತಡೆಯುವ ಕಾಗದ ಶಾಲೆಯ ಕೈಯಲ್ಲೇ ಇದೆ.

2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ 2016ರಲ್ಲಿ ತಿದ್ದುಪಡಿ ತಂದು, ನಮ್ಮ ರಾಜ್ಯದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎಂದು ಸಾರಿತು. ಆದರೂ 2019ರಿಂದ 2021ರ ನಡುವೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇಕಡಾ 21.3ರಷ್ಟು ಜನ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿದ್ದರೆಂದು ಕಂಡುಬಂತು. ಹಿಂದಿನ ಸಮೀಕ್ಷೆಗಿಂತ ಇಳಿದದ್ದು ಇಲ್ಲವೆನ್ನುವಷ್ಟು. ಐವರಲ್ಲಿ ಒಬ್ಬಳು. ಅವರಲ್ಲಿ ಎಷ್ಟೋ ಜನರ ಹೆಸರು ಒಂದಲ್ಲ ಒಂದು ಶಾಲೆಯ ಹಾಜರಿ ಪುಸ್ತಕದಲ್ಲಿತ್ತು. ಇದೇ ಭಾಗದಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವ ಪದ್ಧತಿ ಇತ್ತು. ಅದನ್ನು ನಿಷೇಧಿಸುವ ರಾಜ್ಯದ ಕಾಯ್ದೆ ಬಂದದ್ದು 1982ರಲ್ಲಿ. ಆ ತಾಯಂದಿರ ಮಕ್ಕಳನ್ನು ಶಾಲೆಯ ಕಟ್ಟೆಯಲ್ಲಿ ನಿಲ್ಲಿಸಿಕೊಂಡು "ಅಪ್ಪನ ಹೆಸರೇನು?" ಎಂದು ಎಲ್ಲರೆದುರು ಕೇಳುವ ಶಾಲೆಗೆ, ಮಗುವಿನ ಗೌರವ ಕಾಯುವ ನೆನಪು ಬರುವುದು ಮದುವೆಯ ಸುದ್ದಿಯನ್ನು ಅಧಿಕಾರಿಗೆ ತಿಳಿಸಬೇಕಾದಾಗ ಮಾತ್ರ!

ಗೆಳತಿಯರೇ, ನಾನು ಹೇಳಬೇಕೆಂದಿರುವುದು ಇಷ್ಟೇ. ನಮ್ಮ ಶಾಲೆಗಳ ಬಾಗಿಲು ತಿರುಗುಮುರುಗಾಗಿದೆ. ಮುಚ್ಚಿರಬೇಕಾದ ಕಡೆ ತೆರೆದಿದೆ, ತೆರೆದಿರಬೇಕಾದ ಕಡೆ ಮುಚ್ಚಿದೆ. ಗಂಡನಿಗೆ, ಗಂಡಿನ ಕಡೆಯವರಿಗೆ, ಊರ ಗೌಡರಿಗೆ, ಕಾಲೇಜು ಏಜೆಂಟರಿಗೆ ಕೇಳಿದ ಕೂಡಲೇ ಮಾಹಿತಿ ಸಿಗುತ್ತದೆ. ಬಾಲ್ಯವಿವಾಹ ನಿಷೇಧಾಧಿಕಾರಿಗೆ, ಸಂರಕ್ಷಣಾಧಿಕಾರಿಗೆ, ಮಕ್ಕಳ ಸಹಾಯವಾಣಿಗೆ ಸಿಗುವುದಿಲ್ಲ. ಎರಡೂ ಕಡೆ ಗೆದ್ದವನು ಒಬ್ಬನೇ: ಮನೆಯ ಯಜಮಾನ.

ನನ್ನ ಕಾಲದಲ್ಲಿ ಪುಸ್ತಕ ಕಪಾಟಿನಲ್ಲಿತ್ತು. ನೋಡಬೇಕಾದರೆ ಕಚೇರಿಗೆ ಬರಬೇಕಿತ್ತು. ಈಗ ಹಾಗಲ್ಲ. ರಾಜ್ಯದ ಪ್ರತಿ ಮಗುವಿಗೂ ಸ್ಯಾಟ್ಸ್ ಸಂಖ್ಯೆ ಇದೆ. ಕೇಂದ್ರದ ಯು-ಡೈಸ್ ಇದೆ. ಅದರ ಜೊತೆಗೆ ಈಗ 'ಅಪಾರ್' ಗುರುತಿನ ಸಂಖ್ಯೆ ಬಂದಿದೆ. ವಿದ್ಯಾರ್ಥಿವೇತನಕ್ಕೆ ಆಧಾರ್, ಬ್ಯಾಂಕ್ ಖಾತೆ, ಜಾತಿ ಆದಾಯ ಪ್ರಮಾಣಪತ್ರ, ಫೋನ್ ನಂಬರ್ ಎಲ್ಲವನ್ನೂ ಕೊಡಬೇಕು. ಮಗು ಶಾಲೆ ಬದಲಿಸಿದರೆ ಅದರ ಸಂಖ್ಯೆಯೂ ಹೊಸ ಶಾಲೆಗೆ ವರ್ಗವಾಗಬೇಕು. ಹಳೆಯ ಶಾಲೆಗೆ ಅದು ತಿಳಿಯುತ್ತದೆ. ಶಾಲೆ ಬಿಟ್ಟ ಮಕ್ಕಳನ್ನು ಹುಡುಕಲು ಈ ವ್ಯವಸ್ಥೆ ಒಳ್ಳೆಯದೇ. ಓಡಿಬಂದ ತಾಯಿಯನ್ನು ಹುಡುಕಲೂ ಅದು ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ನಮ್ಮ ಶಿಕ್ಷಕ ಶಿಕ್ಷಕಿಯರು ಪಾಠ ಬಿಟ್ಟು ಈ ಅಂಕಿಗಳನ್ನು ತುಂಬುತ್ತಾ ಕೂರುತ್ತಾರೆ. ತುಂಬಿದ ಹಾಳೆಯ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ಆ ಗುಂಪಿನಲ್ಲಿ ಯಾರು ಯಾರಿದ್ದಾರೆಂದು ಅವರಿಗೂ ತಿಳಿಯದು. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯುವ ಮೊದಲೇ ನನ್ನ ತಂಗಿಯ ಮೊಮ್ಮಗಳ ಮನೆಗೆ ಎಲ್ಲೆಲ್ಲಿಯ ಕಾಲೇಜುಗಳಿಂದ ಫೋನು ಬಂದವು. ಹೆಸರು, ಶಾಲೆ ಎಲ್ಲ ಅವರಿಗೆ ಗೊತ್ತಿತ್ತು. ನಂಬರನ್ನು ಕೊಟ್ಟವರು ಯಾರೆಂದು ಇನ್ನೂ ಗೊತ್ತಾಗಿಲ್ಲ.

ಇದು ಬರೀ ಮಾತಿನ ಭಯವಲ್ಲ. 2022ರ ಫೆಬ್ರುವರಿಯಲ್ಲಿ ಹಿಜಾಬ್ ವಿವಾದ ಉರಿಯುತ್ತಿದ್ದಾಗ, ಉಡುಪಿಯ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನ ಆ ವಿದ್ಯಾರ್ಥಿನಿಯರ ವಿಳಾಸ, ಫೋನ್ ನಂಬರ್, ತಂದೆತಾಯಿಯ ವಿವರಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದವು. ಪಾಲಕರು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ದೂರು ಕೊಡಬೇಕಾಯಿತು. ಆ ವಿವಾದದಲ್ಲಿ ನಮ್ಮ ನಿಲುವು ಏನೇ ಇರಲಿ, ಶಾಲೆಗೆಂದು ಕೊಟ್ಟ ವಿಳಾಸ ಬೀದಿಗೆ ಬಂದರೆ ಮೊದಲು ನಡುಗುವವರು ಹೆಣ್ಣುಮಕ್ಕಳು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರದ 'ದೀಕ್ಷಾ' ಆ್ಯಪಿನ ಸುದ್ದಿ ಹೊರಬಂತು. ಸುಮಾರು ಆರು ಲಕ್ಷ ಮಕ್ಕಳ ಮತ್ತು ಹತ್ತು ಲಕ್ಷಕ್ಕೂ ಹೆಚ್ಚು ಶಿಕ್ಷಕರ ವಿವರಗಳು ಕಾವಲಿಲ್ಲದೆ ಅಂತರ್ಜಾಲದಲ್ಲಿ ಬಿದ್ದಿದ್ದವು.

ಹಾಗಾದರೆ ಕಾನೂನು ಇಲ್ಲವೇ? ಇದೆ. ನಾವು ಓದಿಲ್ಲ, ಶಾಲೆಗಳೂ ಓದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೆಯ ಕಲಂ ಪ್ರಕಾರ, ಎಂಟನೆಯ ತರಗತಿಯವರೆಗಿನ ಮಗು ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗವಾಗಿ ಬಂದಾಗ ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ, ತಡಮಾಡುವಂತೆಯೂ ಇಲ್ಲ. ಆಧಾರ್ ಇಲ್ಲವೆಂದು ಶಾಲಾ ಪ್ರವೇಶ ತಡೆಯುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರಿನಲ್ಲಿ ಹೇಳಿದೆ. 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯ 18ನೆಯ ಕಲಂನಲ್ಲಿ ಶಾಲೆಯ ಹೆಸರೇ ಇದೆ. ಹಿಂಸೆ ಮಾಡಿದವನು ಹೆಂಗಸಿನ ಕೆಲಸದ ಜಾಗಕ್ಕೆ, ನೊಂದದ್ದು ಮಗುವಾದರೆ ಅದರ ಶಾಲೆಗೆ ಕಾಲಿಡಬಾರದೆಂದು ಮ್ಯಾಜಿಸ್ಟ್ರೇಟರು ಆದೇಶಿಸಬಹುದು. 21ನೆಯ ಕಲಂ ಪ್ರಕಾರ ಮಗುವನ್ನು ತಾತ್ಕಾಲಿಕವಾಗಿ ತಾಯಿಯ ವಶಕ್ಕೆ ಕೊಡಬಹುದು. ಆದರೆ ಒಂದು ಕೊರತೆ ಗಮನಿಸಿ. ಆದೇಶದ ಪ್ರತಿಯನ್ನು ಉಚಿತವಾಗಿ ಯಾರಿಗೆ ಕೊಡಬೇಕೆಂದು 24ನೆಯ ಕಲಂ ಹೇಳುತ್ತದೆ: ಎರಡೂ ಕಡೆಯವರಿಗೆ, ಪೊಲೀಸ್ ಠಾಣೆಗೆ, ಸೇವಾ ಸಂಸ್ಥೆಗೆ. ಶಾಲೆ ಅದರಲ್ಲಿ ಇಲ್ಲ. ಆದೇಶವಿದೆ ಎಂದೇ ಗೊತ್ತಿಲ್ಲದ ಶಾಲೆ ಅದನ್ನು ಪಾಲಿಸುವುದಾದರೂ ಹೇಗೆ? ತಾಯಿಯೇ ಪ್ರತಿ ಒಯ್ದು ಮುಖ್ಯೋಪಾಧ್ಯಾಯರಿಗೆ ಕೊಟ್ಟು, ಸಹಿ ಪಡೆಯಬೇಕು.

2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಹದಿನೆಂಟು ತುಂಬದವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕೆಂದು ಅದು ಹೇಳುತ್ತದೆ. ಒಳ್ಳೆಯದು. ಆದರೆ ಯಾವ ಪಾಲಕರು? ಮನೆ ಎಂದರೆ ಒಂದೇ ಮನಸ್ಸು, ಪಾಲಕರೆಂದರೆ ಒಂದೇ ಸಹಿ ಎಂದು ನಮ್ಮ ಶಾಸನಗಳು ಇನ್ನೂ ನಂಬಿವೆ. ಹೊಡೆಯುವವನ ಒಪ್ಪಿಗೆಯೂ ಒಪ್ಪಿಗೆಯೇ ಆಗಿಬಿಡುತ್ತದೆ. ತಾಯಿಯೂ ಸಹಜ ಪಾಲಕಳಾಗಬಲ್ಲಳೆಂದು ಸುಪ್ರೀಂ ಕೋರ್ಟ್ 1999ರಲ್ಲೇ ಗೀತಾ ಹರಿಹರನ್ ಪ್ರಕರಣದಲ್ಲಿ ಹೇಳಿದ್ದು ನಮ್ಮ ಶಾಲೆಯ ಅರ್ಜಿ ನಮೂನೆಯವರೆಗೆ ಇನ್ನೂ ತಲುಪಿಲ್ಲ. ಅಲ್ಲದೆ ಈ ಕಾಯ್ದೆ ಗಣಕಯಂತ್ರದಲ್ಲಿರುವ ಮಾಹಿತಿಗೆ ಮಾತ್ರ ಸಂಬಂಧಿಸಿದ್ದು. ಚಹದ ಅಂಗಡಿಯಲ್ಲಿ ಆಡಿದ ಮಾತಿಗೆ ಅದು ಅನ್ವಯಿಸುವುದಿಲ್ಲ.

"ತಂದೆಗೂ ಹಕ್ಕಿಲ್ಲವೇ? ಗಂಡಹೆಂಡಿರ ಜಗಳದಲ್ಲಿ ಶಾಲೆ ನ್ಯಾಯಾಧೀಶನಾಗಬೇಕೇ?" ಎಂದು ಕೆಲವರು ಕೇಳುತ್ತಾರೆ. ಕೇಳತಕ್ಕ ಪ್ರಶ್ನೆಯೇ. ತಂದೆಗೆ ಹಕ್ಕಿದೆ, ಅದನ್ನು ನಿರ್ಧರಿಸಲು ನ್ಯಾಯಾಲಯವಿದೆ. ಶಾಲೆ ನ್ಯಾಯಾಧೀಶನಾಗಬಾರದು ಎಂದೇ ನಾನೂ ಹೇಳುವುದು. ಕೇಳಿದ ಕೂಡಲೇ ಒಬ್ಬನಿಗೆ ವಿಳಾಸ ಕೊಟ್ಟು ಮಗುವನ್ನು ಕೈಗಿಟ್ಟಾಗ ಶಾಲೆ ತೀರ್ಪು ಕೊಟ್ಟಂತೆಯೇ ಆಯಿತಲ್ಲ! ಲಿಖಿತ ಅರ್ಜಿ ಕೊಡಿ, ತಾಯಿಗೂ ತಿಳಿಸುತ್ತೇವೆ, ತಕರಾರಿದ್ದರೆ ನ್ಯಾಯಾಲಯದ ಆದೇಶ ತನ್ನಿ ಎಂದು ಹೇಳುವುದೇ ಯಾರ ಪಕ್ಷವನ್ನೂ ವಹಿಸದ ದಾರಿ.

ಇದೆಲ್ಲ ಆಗುವ ಮಾತೇ ಎನ್ನುವವರಿಗೆ ಇಂಗ್ಲೆಂಡಿನ ಒಂದು ಸಂಗತಿ ಹೇಳುತ್ತೇನೆ. 2016ರಲ್ಲಿ ಅಲ್ಲಿಯ ಶಾಲೆಗಳು ಮಕ್ಕಳ ರಾಷ್ಟ್ರೀಯತೆ ಮತ್ತು ಹುಟ್ಟಿದ ದೇಶವನ್ನು ಕೇಳಿ ಬರೆದುಕೊಳ್ಳತೊಡಗಿದವು. ತಿಂಗಳಿಗೆ 1,500 ಮಕ್ಕಳವರೆಗಿನ ವಿವರಗಳನ್ನು ವಲಸೆಗಾರರನ್ನು ಹುಡುಕುವ ಗೃಹ ಇಲಾಖೆಗೆ ಕೊಡಲು ಶಿಕ್ಷಣ ಇಲಾಖೆ ಒಪ್ಪಂದ ಮಾಡಿಕೊಂಡದ್ದು ಬಯಲಾಯಿತು. ತಂದೆತಾಯಿಗಳೂ ಶಿಕ್ಷಕರೂ ಸೇರಿ ಆ ಪ್ರಶ್ನೆಗೆ ಉತ್ತರ ಬರೆಯದಿರುವ ಚಳವಳಿ ನಡೆಸಿದರು. 2018ರಲ್ಲಿ ಸರ್ಕಾರ ಆ ಪ್ರಶ್ನೆಯನ್ನೇ ಕೈಬಿಟ್ಟಿತು. ಮಗುವಿನ ಕಲಿಕೆಗೆಂದು ಪಡೆದ ಮಾಹಿತಿ ಮಗುವಿನ ಮನೆಯವರನ್ನು ಬೇಟೆಯಾಡಲು ಬಳಕೆಯಾಗಬಾರದು ಎಂಬ ಸರಳ ತತ್ವಕ್ಕಾಗಿ ಅವರು ನಿಂತರು. ನಮಗೂ ಆ ತತ್ವವೇ ಸಾಕು.

ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಈ ಮೂರು ವಲಯಗಳ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮುಂದೆ ನಮ್ಮ ಸಂಘಟನೆಗಳು ಇಡಬೇಕಾದ ಬೇಡಿಕೆಗಳು ಇವು:

1. ಮಗುವಿನ ವಿಳಾಸ, ಫೋನು, ಹೊಸ ಶಾಲೆಯ ವಿವರವನ್ನು ಬಾಯಿಮಾತಿನಲ್ಲಿ ಯಾರಿಗೂ ಕೊಡಬಾರದು. ಲಿಖಿತ ಅರ್ಜಿ ಇರಬೇಕು. ಯಾರು, ಯಾವಾಗ, ಏಕೆ ಕೇಳಿದರು, ಏನು ಕೊಟ್ಟೆವು ಎಂದು ದಾಖಲಿಸುವ ಒಂದು ವಹಿ ಪ್ರತಿ ಶಾಲೆಯಲ್ಲಿರಬೇಕು.

2. ತಾಯಿ ಹಿಂಸೆಯ ಕಾರಣ ಹೇಳಿ ಬಂದರೆ ವರ್ಗಾವಣೆ ಪತ್ರದ ವ್ಯವಹಾರ ಶಾಲೆಯಿಂದ ಶಾಲೆಗೆ ನೇರವಾಗಿ ನಡೆಯದೆ ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿಯ ಮೂಲಕ ನಡೆಯಬೇಕು. ಹೊಸ ಶಾಲೆಯ ಹೆಸರು ಹಳೆಯ ಊರಿಗೆ ಹೋಗಬಾರದು.

3. ಮಗುವನ್ನು ಯಾರ ಕೈಗೆ ಕೊಡಬೇಕೆಂದು ಪ್ರವೇಶದ ದಿನವೇ ಸೇರಿಸಿದವರಿಂದ ಬರೆಸಿಕೊಳ್ಳಬೇಕು. ಅರ್ಜಿಯಲ್ಲಿ ತಾಯಿಗೂ ತಂದೆಗೂ ಸಮನಾದ ಕಾಲಂ ಇರಬೇಕು. ತಂದೆಯ ಹೆಸರು ಹೇಳಲಾರದ ಮಗುವನ್ನು ಮತ್ತೆ ಮತ್ತೆ ಕೇಳಬಾರದು.

4. ಹುಡುಗಿ ಸತತವಾಗಿ ಒಂದು ವಾರ ಗೈರಾದರೆ ಮನೆಗೆ ಹೋಗಿ ವಿಚಾರಿಸಬೇಕು. ಮದುವೆಯ ಸುಳಿವು ಸಿಕ್ಕರೆ ಅಂದೇ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಅಥವಾ 1098ಕ್ಕೆ ತಿಳಿಸಿ, ಜನ್ಮದಿನಾಂಕದ ಪತ್ರ ಕೊಡಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾದದ್ದು ತಿಳಿದೂ ಮುಚ್ಚಿಡುವುದು 2012ರ ಪೋಕ್ಸೋ ಕಾಯ್ದೆಯಡಿ ಅಪರಾಧ ಎಂಬುದನ್ನು ಪ್ರತಿ ಶಿಕ್ಷಕರಿಗೂ ತಿಳಿಸಬೇಕು.

5. ಮಕ್ಕಳ ಹೆಸರು, ನಂಬರುಗಳ ಪಟ್ಟಿಯನ್ನು ವಾಟ್ಸಾಪ್ ಗುಂಪುಗಳಿಗೆ ಹಾಕುವುದನ್ನು, ಖಾಸಗಿ ಕಾಲೇಜು, ಟ್ಯೂಷನ್ ಕೇಂದ್ರಗಳಿಗೆ ಕೊಡುವುದನ್ನು ಸುತ್ತೋಲೆ ಹೊರಡಿಸಿ ನಿಲ್ಲಿಸಬೇಕು.

ಇವಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಹೆಚ್ಚಿನ ಹಣವೂ ಬೇಕಿಲ್ಲ. ಒಂದು ನೋಟ್‌ಬುಕ್ಕು, ಒಂದು ಸುತ್ತೋಲೆ, ಸ್ವಲ್ಪ ನಾಲಿಗೆಯ ಬಿಗಿ ಸಾಕು. ಶಾಲಾಭಿವೃದ್ಧಿ ಸಮಿತಿಗಳಲ್ಲಿ ಹೆಣ್ಣುಮಕ್ಕಳು ಸದಸ್ಯರಾಗಿದ್ದಾರೆ. ಅವರು ಸಭೆಯಲ್ಲಿ ಸಹಿ ಹಾಕಿ ಬರುವುದರ ಬದಲು ಮುಂದಿನ ಸಲ ಆ ವಹಿಯನ್ನು ಕೇಳಲಿ. ನಮ್ಮ ಸಂಘದ ಗೆಳತಿಯರು ತಮ್ಮೂರಿನ ಮುಖ್ಯೋಪಾಧ್ಯಾಯರೊಡನೆ ಜಗಳಕ್ಕೆ ನಿಲ್ಲದೆ, ಕೂತು ಮಾತಾಡಲಿ. ಅವರಲ್ಲಿ ಹೆಚ್ಚಿನವರು ಕೆಟ್ಟವರಲ್ಲ. ನನ್ನ ಹಾಗೆ, ಯೋಚಿಸದೆ ಪುಸ್ತಕ ತೆರೆದವರು.

ನನ್ನ ವಿದ್ಯಾರ್ಥಿನಿ ಹತ್ತು ತಿಂಗಳ ನಂತರ ಮತ್ತೆ ಹೊರಬಂದಳು. ಈ ಸಲ ಮೊದಲು ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಗೆ ಹೋದೆವು. ನಮ್ಮ ರಾಜ್ಯದಲ್ಲಿ ತಾಲ್ಲೂಕು ಮಟ್ಟದ ಸಂರಕ್ಷಣಾಧಿಕಾರಿ ಅವರೇ. ಅರ್ಜಿ ನ್ಯಾಯಾಲಯಕ್ಕೆ ಹೋಯಿತು, ಮಗಳು ತಾಯಿಯ ಬಳಿ ಇರಬೇಕೆಂದೂ, ಅವನು ಶಾಲೆಯ ಹತ್ತಿರ ಸುಳಿಯಬಾರದೆಂದೂ ಆದೇಶವಾಯಿತು. ಅದರ ಪ್ರತಿಯನ್ನು ನಾನೇ ಶಾಲೆಗೆ ಒಯ್ದೆ. ಅಲ್ಲಿಯ ಮುಖ್ಯೋಪಾಧ್ಯಾಯಿನಿ ಓದಿ, ಕಪಾಟಿನಲ್ಲಿಟ್ಟು ಬೀಗ ಹಾಕಿದರು. "ಕೇಳಿದವರಿಗೆ ಏನ ಹೇಳೂಣ್ರಿ ಬಾಯಾರ?" ಎಂದರು. "ಅರ್ಜಿ ಬರದ ಕೊಡ್ರಿ ಅಂತ ಹೇಳ್ರಿ ಅಕ್ಕೋರ" ಎಂದೆ. ಆ ಮಗು ಈಗ ಐದನೆಯ ತರಗತಿಯಲ್ಲಿದೆ. ಹಾಜರಿ ಪುಸ್ತಕದಲ್ಲಿ ಗೈರು ಬಿದ್ದಿಲ್ಲ.